ಬೀಳಲು ಕಲಿತೆ

ಸ್ಕೇಟಿಂಗ್ ಅಭ್ಯಾಸದಲ್ಲಿ ಬಿದ್ದು ನನ್ನ ಬಲಗೈ ಮಣಿಗಂಟಿನ ಎಲುಬು ಮುರಿಯಿತು. 6 ವಾರ ಪ್ಲಾಸ್ಟರು. ಎಡಗೈಯಲ್ಲಿ ಚಮಚ ಹಿಡಿದೇ ಗಂಜಿ ಊಟ. ಪ್ಲಾಸ್ಟರು ಬಿಚ್ಚಿದಾಗ ಕೈ ಸಣಕಲಾಗಿತ್ತು. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ ಎಂದ ವೈದ್ಯರು ದಿನವೂ ರಬ್ಬರ್ ಚೆಂಡು ಹಿಸುಕಲು ತಿಳಿಸಿದರು. ಬಲ ಮರಳಿತು, ಹೆದರಿಕೆ ಮಾತ್ರ ಹೋಗಲಿಲ್ಲ. "ಇನ್ನು ಆ ಆಟ ಸಾಕು ಮಗಾ" ಎಂದರು ಅಪ್ಪ.

ತರಬೇತಿ ನೀಡುವವರು ಮೊದಲು ಬೀಳುವ ಕ್ರಮವನ್ನೇ ಕಲಿಸಿದರು: ಮೈ ತಗ್ಗಿಸಿ, ಮೊಣಕಾಲಿನ ಕವಚದ ಮೇಲೆ ಜಾರಬೇಕು, ಅಂಗೈ ಊರಿದರೆ ಭಾರವೆಲ್ಲ ಮಣಿಗಂಟಿಗೆ. 1935ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಆರಂಭವಾದ ರೋಲರ್ ಡರ್ಬಿ ಎಂಬ ಸ್ಕೇಟಿಂಗ್ ಪಂದ್ಯದ ಆಟಗಾರರೂ ಇದನ್ನೇ ಮೊದಲು ಕಲಿಯುತ್ತಾರೆ. ಒಂದು ತಿಂಗಳು ಬಿದ್ದು ಬಿದ್ದು ಅಂಜಿಕೆ ಕರಗಿತು. ಈಗ ಅಪ್ಪನೇ ನನ್ನ ಹೆಲ್ಮೆಟಿನ ಪಟ್ಟಿ ಬಿಗಿಯುತ್ತಾರೆ.

ತಮ್ಮ ತಂಗಿಯರೇ, ಓಡುವ ಮೊದಲು ಬೀಳಲು ಕಲಿಯಿರಿ.