ಕಡಲಿನಲ್ಲಿ ಬೆಳಕುಣ್ಣುವ ಜೀವ

ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ನೀರಿನಲ್ಲಿ ಬೆಳಕನ್ನುಂಡು ಶಕ್ತಿ ಪಡೆಯಬಲ್ಲ ಸೂಕ್ಷ್ಮಾಣುಗಳುಂಟೆಂಬ ಸಂಗತಿ 2000ನೆಯ ಇಸವಿಯಲ್ಲಿ ಪ್ರಕಟವಾಯಿತು. ಓಡೆಡ್ ಬೇಜಾ, ಎಡ್ವರ್ಡ್ ಡಿಲಾಂಗ್ ಮೊದಲಾದ ಪಂಡಿತರು ಆ ಜೀವಿಯನ್ನು ಸಾಕಿ ಬೆಳೆಸಿದವರಲ್ಲ. ಕಡಲ ನೀರಿನಿಂದ ಸಂಗ್ರಹಿಸಿದ ಡಿ. ಎನ್. ಎ.ಯನ್ನೋದಿ, ಅದರಲ್ಲಿ ಅಡಗಿದ್ದ ಪ್ರೋಟೀನೊಂದನ್ನು ಈ. ಕೋಲಿ ಎಂಬ ಬೇರೊಂದು ಅಣುಜೀವಿಯ ಒಡಲಲ್ಲಿ ತಯಾರಿಸಿದರು. ಹಸುವನ್ನೇ ಕಾಣದೆ ಹಾಲು ಕರೆದಂತಾಯಿತು! ಅದಕ್ಕೆ ಪ್ರೋಟಿಯೊರೊಡಾಪ್ಸಿನ್ ಎಂದು ಹೆಸರಿಟ್ಟರು.

ಇದರ ಗರ್ಭದಲ್ಲಿರುವುದು ರೆಟಿನಾಲ್ ಎಂಬ ವರ್ಣದ್ರವ್ಯ. ವಿಟಮಿನ್ ಎ ವರ್ಗಕ್ಕೆ ಸೇರಿದ ಈ ದ್ರವ್ಯವೇ ಮನುಷ್ಯನ ಕಣ್ಣಿನಲ್ಲಿಯೂ ಬೆಳಕನ್ನು ಹಿಡಿಯುವುದು. ಆದರೂ ಇದನ್ನು ಕಡಲಿನ ಕಣ್ಣೆಂದು ವರ್ಣಿಸುವುದು ಸಲ್ಲದು. ಕಣ್ಣಿನ ಕೆಲಸ ನೋಡುವುದು, ಇದರ ಕೆಲಸ ಏತ ಹೊಡೆಯುವುದು. ಬೆಳಕು ತಗಲಿದೊಡನೆ ರೆಟಿನಾಲ್ ಬಾಗುವುದು. ಪ್ರೋಟಾನೊಂದು ಕೋಶದ ಹೊರಕ್ಕೆ ಸಾಗುವುದು. ಹಾಗೆ ಹೊರಬಿದ್ದವು ಒಳಕ್ಕೆ ಮರಳುವಾಗ ಜೀವಿಗೆ ಶಕ್ತಿ ದೊರೆಯುವುದು. ಅಮೈನೊ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರವೇ ಪ್ರೋಟೀನು. ಮೇಲ್ನೀರಿನ ಬಗೆ ಹಸುರು ಬೆಳಕನ್ನೂ ಆಳದ್ದು ನೀಲಿಯನ್ನೂ ಹೀರುವುದಕ್ಕೆ 105ನೆಯ ಮಣಿಯೊಂದರ ಭೇದವೇ ಮುಖ್ಯ ಕಾರಣವೆಂದರೆ ವಾಚಕರು ಬೆರಗಾಗದಿರರು.

ಈ ಏತವು ಕೋಶದ ಕೊಬ್ಬಿನ ಪೊರೆಯಲ್ಲಿ ನೆಟ್ಟಿರುವುದು. ಅದನ್ನು ಕಿತ್ತು ಹರಳುಗಟ್ಟಿಸಿ ನೋಡುವ ಮಾರ್ಗವುಂಟು; ಅದು ನಿಷ್ಫಲವೂ ಅಲ್ಲ. ಆದರೆ ಮನೆಯಿಂದ ಹೊರಗೆಳೆದವನು ಮನೆಯಲ್ಲಿದ್ದಂತೆಯೇ ನಡೆದುಕೊಳ್ಳುವನೆಂಬ ಭರವಸೆಯೇನು? ಜರ್ಮನಿಯ ಫ್ರಾಂಕ್‌ಫರ್ಟಿನ ಗಯಟೆ ವಿಶ್ವವಿದ್ಯಾಲಯದಲ್ಲಿ ಕ್ಲೆಮೆನ್ಸ್ ಗ್ಲಾಬಿಟ್ಸ್ ಮತ್ತು ಅವರ ಸಂಗಡಿಗರು ಅದನ್ನು ಪೊರೆಯಲ್ಲಿಯೇ ಇರಿಸಿ, ಘನಸ್ಥಿತಿಯ ಎನ್. ಎಂ. ಆರ್. ಎಂಬ ವಿಧಾನದಿಂದ ಪರೀಕ್ಷಿಸಿದರು. ಪ್ರಬಲವಾದ ಆಯಸ್ಕಾಂತದೊಳಗೆ, 54.7 ಡಿಗ್ರಿಯಷ್ಟು ಓರೆಯಾಗಿ, ಪುಟ್ಟ ನಳಿಗೆಯೊಂದು ಸೆಕೆಂಡಿಗೆ ಸಾವಿರಾರು ಸುತ್ತು ತಿರುಗುವುದು. ದ್ರವದಲ್ಲಿ ಅಣುಗಳು ತಾವಾಗಿ ಉರುಳಾಡುವುದರಿಂದ ಅವುಗಳ ದನಿ ಸ್ಪಷ್ಟ. ಪೊರೆಯಲ್ಲಿ ಸಿಕ್ಕಿಕೊಂಡವನ್ನು ಹೀಗೆ ತಿರುಗಿಸಿದರಲ್ಲದೆ ಗದ್ದಲವಡಗದು. ಬಳಿಕ ರೇಡಿಯೊ ಅಲೆಗಳಿಗೆ ಕಾರ್ಬನ್-13, ನೈಟ್ರೋಜನ್-15ರ ಪರಮಾಣು ಗರ್ಭಗಳು ಕೊಡುವ ಉತ್ತರದಿಂದ ಅವುಗಳ ನೆರೆಹೊರೆ ತಿಳಿಯುವುದು. ಬೆಳಕು ಬೀರಿ, ಅತಿಶೀತದಲ್ಲಿ ಹೆಪ್ಪುಗಟ್ಟಿಸಿದರೆ ಏತವು ಅರ್ಧದಲ್ಲಿಯೇ ನಿಲ್ಲುವುದು.

ಈ ಅಣುಗಳು ಒಂಟಿಯಾಗಿರದೆ ಐದೈದಾಗಿ ಬಳೆಯಂತೆ ಕೂಡಿ ನಿಲ್ಲುವುವು. ಪ್ರೋಟಾನನ್ನು ಮೊದಲು ಪಡೆಯುವುದು 97ನೆಯ ಆಸ್ಪಾರ್ಟಿಕ್ ಆಮ್ಲ. ಅದರ ಜೊತೆಗಾರ 75ನೆಯ ಹಿಸ್ಟಿಡಿನ್. ಆ ಹಿಸ್ಟಿಡಿನ್ನಿಗೆ ಒತ್ತಾಗಿ ನಿಂತಿರುವ 34ನೆಯ ಟ್ರಿಪ್ಟೊಫಾನ್ ಮಾತ್ರ ಆ ಅಣುವಿನದಲ್ಲ, ಪಕ್ಕದ ಅಣುವಿನದು! ಏತ ನಡೆಯುವಾಗ ಈ ಮೂವರ ಹೊಂದಿಕೆ ಬದಲಾಗುವುದೆಂದು ಫ್ರಾಂಕ್‌ಫರ್ಟಿನವರು 2019ರಲ್ಲಿ ತೋರಿಸಿಕೊಟ್ಟರು.