ಹನ್ನೆರಡು ವೋಲ್ಟಿನ ಸಂಸಾರ

ಮನೆಯಲ್ಲಿ ವಿದ್ಯುತ್ತನ್ನು ಯಾರೂ ಎಣಿಸುವುದಿಲ್ಲ. ತಿಂಗಳ ಕೊನೆಗೆ ಬಿಲ್ಲು ಬಂದಾಗ ಒಂದಿಷ್ಟು ಗೊಣಗಿ ಮರೆತುಬಿಡುತ್ತೇವೆ. ಚಕ್ರದ ಮೇಲಿನ ಮನೆಯಲ್ಲಿ ಮಾತ್ರ ಅದು ಕಣಜದಲ್ಲಿ ತುಂಬಿಟ್ಟ ಭತ್ತದ ಹಾಗೆ. ಹಗಲು ತುಂಬಬೇಕು, ರಾತ್ರಿ ಅಳೆದು ತೆಗೆಯಬೇಕು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಹನ್ನೆರಡು ದಿನ ಬಾಡಿಗೆಯ ಮೋಟರ್‌ಹೋಮಿನಲ್ಲಿ ಸಂಸಾರ ಹೂಡಿದ್ದ ನಮಗೆ ಈ ಅಳತೆಯ ವಿದ್ಯೆ ಬೇಗನೆ ಒಲಿಯಿತು. ಒಂದು ಕಾಲದಲ್ಲಿ ಡೊಂಬಿವಲಿಯ ಮನೆಯ ಗೋಡೆಗೆ ಲೋಡ್‌ಶೆಡ್ಡಿಂಗಿನ ವೇಳಾಪಟ್ಟಿ ಅಂಟಿಸಿಕೊಂಡು, ಮಿಕ್ಸರು ಯಾವಾಗ, ಇಸ್ತ್ರಿ ಯಾವಾಗ ಎಂದು ದಿನ ಕಳೆದವರು ನಾವು.

ಈ ಬಗೆಯ ಪ್ರವಾಸ ಮಾಡದ ಓದುಗರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಮೋಟರ್‌ಹೋಮಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಒಂದು ಎಂಜಿನ್ನಿನದು, ಮುಖ್ಯವಾಗಿ ಗಾಡಿಯನ್ನು ಚಾಲೂ ಮಾಡುವುದಕ್ಕೆ. ಇನ್ನೊಂದು ಮನೆಯದು; ದೀಪ, ಫ್ರಿಜ್, ನೀರಿನ ಪಂಪು, ಹೀಟರು ಎಲ್ಲವೂ ಇದರ ಪಾಲು. ರಾತ್ರಿಯೆಲ್ಲ ದೀಪ ಉರಿಸಿದರೂ ಬೆಳಿಗ್ಗೆ ಗಾಡಿ ಹೊರಡಬೇಕೆಂಬ ವಿವೇಕದಿಂದ ಎರಡನ್ನೂ ಬೇರೆಬೇರೆ ಇಟ್ಟಿರುತ್ತಾರೆ. ಮನೆಯ ಬ್ಯಾಟರಿಗೆ ಊಟ ಮೂರು ಕಡೆಯಿಂದ ಸಿಗಬಹುದು. ಕ್ಯಾಂಪಿನ ಕಂಬಕ್ಕೆ ನೀಲಿ ಪ್ಲಗ್ಗಿನ ದಪ್ಪ ಕೇಬಲ್ ಸಿಕ್ಕಿಸಿದರೆ 230 ವೋಲ್ಟ್ ಒಳಬಂದು ಚಾರ್ಜರ್ ಅದನ್ನು ತುಂಬುತ್ತದೆ. ಗಾಡಿ ಓಡುವಾಗ ಆಲ್ಟರ್ನೇಟರು ಮೊದಲು ಎಂಜಿನ್ನಿನ ಬ್ಯಾಟರಿಯನ್ನು ತಣಿಸುತ್ತದೆ; ವೋಲ್ಟೇಜು 13.3ರ ಆಸುಪಾಸಿಗೆ ಏರಿದೊಡನೆ ನಡುವೆ ಕುಳಿತ ರಿಲೇ ಬಾಗಿಲು ತೆರೆದು ಮನೆಯ ಕಡೆಗೂ ಬಿಡುತ್ತದೆ. ಮೂರನೆಯದು ಚಾವಣಿಯ ಮೇಲಿನ ಸೋಲಾರ್ ಪ್ಯಾನೆಲ್. ನಮ್ಮ ಗಾಡಿಗೆ ಆ ಭಾಗ್ಯವಿರಲಿಲ್ಲ.

ನಮ್ಮ ಲೆಕ್ಕ ಇಷ್ಟು ಬಿಗಿಯಾಗಿದ್ದುದಕ್ಕೆ ಕಾರಣ ಒಂದು ಪುಟ್ಟ ಯಂತ್ರ. ನಮ್ಮಿಬ್ಬರಲ್ಲಿ ಒಬ್ಬರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿದೆ. ವೈದ್ಯರು ಇದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಗಂಟಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ, ಉಸಿರು ಹತ್ತು ಸೆಕೆಂಡೋ ಇನ್ನೂ ಹೆಚ್ಚೋ ನಿಲ್ಲುತ್ತದೆ, ಮಿದುಳು ಬೆಚ್ಚಿ ಎಬ್ಬಿಸುತ್ತದೆ, ಮತ್ತೆ ಮೊದಲಿನಿಂದ. ಸಿಪ್ಯಾಪ್ ಎಂಬ ಯಂತ್ರ ಮೂಗಿನ ಮೇಲಿನ ಮಾಸ್ಕಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಊದುತ್ತ ಆ ದಾರಿಯನ್ನು ತೆರೆದಿಡುತ್ತದೆ. ತೊಂದರೆ ಯಾರದೆಂದು ಇಲ್ಲಿ ಹೇಳುವ ಅಗತ್ಯವಿಲ್ಲ. ಇಪ್ಪತ್ತೆಂಟು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರಲ್ಲಿ ಒಬ್ಬರ ಉಸಿರು ನಿಂತರೆ ನಿದ್ದೆ ಹೋಗುವುದು ಇಬ್ಬರದೂ.

ಯಂತ್ರಕ್ಕೆ 24 ವೋಲ್ಟ್ ಬೇಕು. ಹನ್ನೆರಡನ್ನು ಇಪ್ಪತ್ತನಾಲ್ಕು ಮಾಡುವ ಕನ್ವರ್ಟರನ್ನು ಮುಂಬಯಿಯಿಂದಲೇ ಒಯ್ದಿದ್ದೆವು. ಜೊತೆಗೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ಅಂಗೈಯಗಲದ ಮಲ್ಟಿಮೀಟರು. ಗಾಳಿಯನ್ನು ಬೆಚ್ಚಗೆ ತೇವಗೊಳಿಸುವ ಭಾಗವನ್ನು ಆರಿಸಿಟ್ಟರೆ ಯಂತ್ರ ಸುಮಾರು ಎರಡೂವರೆ ಆಂಪಿಯರ್ ಎಳೆಯುತ್ತದೆ. ಎಂಟು ಗಂಟೆಗೆ 20 ಆಂಪಿಯರ್-ಗಂಟೆ. ಫ್ರಿಜ್ಜಿಗೆ ಹದಿನೈದು. ಡೀಸೆಲ್ ಹೀಟರಿಗೆ ಹತ್ತೋ ಹನ್ನೆರಡೋ; ಹೊತ್ತಿಕೊಳ್ಳುವ ಕೆಲವು ನಿಮಿಷ ಅದು ಮಹಾ ಹೊಟ್ಟೆಬಾಕ, ಆಮೇಲೆ ಸಾಧು. ಬ್ಯಾಟರಿಯ ಮೇಲೆ 100 ಎಂದು ಬರೆದಿದ್ದರೂ ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಚಳಿ ಆ ಅರ್ಧದಲ್ಲೂ ಒಂದು ಪಾಲು ಕದಿಯುತ್ತದೆ. ಅಂತೂ ಪೂರ್ತಿ ತುಂಬಿದ ಬ್ಯಾಟರಿ ಒಂದು ರಾತ್ರಿಗೆ ಸಾಕು, ಎರಡಕ್ಕೆ ಸಾಲದು.

ಕ್ರೈಸ್ಟ್‌ಚರ್ಚಿನಿಂದ ಹೊರಟ ಮೊದಲ ರಾತ್ರಿ ಟೆಕಾಪೊ ಸರೋವರದ ಬಳಿ, ಕಂಬವಿದ್ದ ಕ್ಯಾಂಪಿನಲ್ಲಿ ಸುಖವಾಗಿ ಕಳೆಯಿತು. ಮರುದಿನ ಪುಕಾಕಿ ಸರೋವರದ ಅಂಚಿನಲ್ಲೇ ಸಾಗಿ ಔರಾಕಿ ಪರ್ವತದ ಬುಡದ ವೈಟ್ ಹಾರ್ಸ್ ಹಿಲ್ ಕ್ಯಾಂಪ್ ಸೇರಿದೆವು. ಅಲ್ಲಿ ನೀರುಂಟು, ಶೌಚಾಲಯವುಂಟು, ವಿದ್ಯುತ್ ಕಂಬವಿಲ್ಲ. ಹಾದಿಯುದ್ದಕ್ಕೂ ನಾವು ಕಂಡದ್ದು ಮಾತ್ರ ಬರಿಯ ವಿದ್ಯುತ್ತೇ. ಹಿಮನದಿ ಅರೆದ ಕಲ್ಲಿನ ಹಿಟ್ಟು ತೇಲಿ ಹಾಲು ಬೆರೆಸಿದ ನೀಲಿಯಾದ ಆ ನೀರು ಟೆಕಾಪೊದಿಂದ ಕಾಲುವೆ ಹಿಡಿದು ಪುಕಾಕಿಗೆ, ಅಲ್ಲಿಂದ ಓಹಾವುಗೆ, ಕೆಳಗೆ ಬೆನ್‌ಮೋರಿಗೆ ಇಳಿಯುತ್ತ ಎಂಟು ವಿದ್ಯುದಾಗಾರಗಳನ್ನು ತಿರುಗಿಸುತ್ತದೆ. ಬೆನ್‌ಮೋರಿನಿಂದ ಹೊರಟ ತಂತಿ 1965ರಿಂದ ಸುಮಾರು 600 ಕಿಲೋಮೀಟರ್ ಓಡಿ, ಕುಕ್ ಜಲಸಂಧಿಯ ತಳದಲ್ಲಿ ಮುಳುಗೆದ್ದು, ಉತ್ತರ ದ್ವೀಪಕ್ಕೆ ಬೆಳಕು ಕೊಡುತ್ತಿದೆ. ಇದೇ ಯೋಜನೆಯ ಕೆಲಸಗಾರರಿಗಾಗಿ 1968ರಲ್ಲಿ ಟ್ವೈಝಲ್ ಎಂಬ ಊರನ್ನು ಕಟ್ಟಿದರು. ಕೆಲಸ ಮುಗಿದ ಮೇಲೆ ಊರನ್ನೂ ಕಳಚಿಬಿಡುವುದೆಂದಿತ್ತು. ಜನ ಹಟ ಹಿಡಿದು ಉಳಿಸಿಕೊಂಡರು. ನಮ್ಮಲ್ಲೊಬ್ಬರು ಶರಾವತಿ ಯೋಜನೆಯ ಕಾರ್ಗಲ್ಲಿನ ಕಾಲೊನಿಯಲ್ಲಿ ಬೆಳೆದವರಾದ್ದರಿಂದ ಆ ಊರಿನ ಒಂದೇ ಅಳತೆಯ ಮನೆಗಳನ್ನು ಕಂಡೊಡನೆ ಬಹಳ ಹೊತ್ತು ಮಾತಾಡಲಿಲ್ಲ.

ಸಂಜೆ ಗಾಡಿಯ ಫಲಕ 12.3 ತೋರಿಸುತ್ತಿತ್ತು. ವಿಶ್ರಾಂತಿಯಲ್ಲಿರುವ ಬ್ಯಾಟರಿಗೆ 12.7 ಎಂದರೆ ಹೊಟ್ಟೆ ತುಂಬಿದೆ, 12.2 ಎಂದರೆ ಅರ್ಧ ಖಾಲಿ. ನೂರು ಕಿಲೋಮೀಟರ್ ಓಡಿ ಬಂದ ಗಾಡಿಯಲ್ಲಿ ಈ ಅಂಕಿ ಇರಬಾರದಿತ್ತು. ಹೀಟರನ್ನು ಬೇಗ ಆರಿಸಿ, ಇದ್ದ ಕಂಬಳಿಗಳನ್ನೆಲ್ಲ ಹೊದ್ದು ಮಲಗಿದೆವು.

ಮೂರು ಗಂಟೆಯ ಸುಮಾರಿಗೆ ಯಂತ್ರ ನಿಂತಿತು. ಅದು ಓಡುವಾಗ ಮಾಡುವ ಸದ್ದು ಬಲು ಸಣ್ಣದು, ದೂರದಲ್ಲಿ ಯಾರೋ ಅಕ್ಕಿ ಕೇರುತ್ತಿರುವ ಹಾಗೆ. ಆ ಸದ್ದು ಇಲ್ಲವಾದಾಗ ಎಚ್ಚರವಾಗುತ್ತದೆ. ಫ್ರಿಜ್ಜೂ ನಿಂತಿತ್ತು. ಏಪ್ರಿಲ್ ಅಲ್ಲಿ ಶರತ್ಕಾಲ. ಹೊರಗೆ ಸೊನ್ನೆಯ ಹತ್ತಿರ. ಮುಂದಿನ ನಾಲ್ಕು ಗಂಟೆ ಒಬ್ಬರು ದಿಂಬಿಗೊರಗಿ ಅರೆಕುಳಿತು ತೂಕಡಿಸುವುದು, ಇನ್ನೊಬ್ಬರು ಎಚ್ಚರವಿದ್ದು ಉಸಿರನ್ನು ಎಣಿಸುವುದು ಎಂದಾಯಿತು. ಉಸಿರು ನಿಂತಲ್ಲಿ ಭುಜ ಅಲುಗಿಸಬೇಕು. ಸೆಫ್ಟನ್ ಶಿಖರದ ಮೇಲಿನ ಹಿಮ ಆಗಾಗ ಕಳಚಿ ಬೀಳುವ ಗುಡುಗು ಕಣಿವೆಯಲ್ಲೆಲ್ಲ ಕೇಳುತ್ತಿತ್ತು. ಹಗಲಲ್ಲಿ ನಮಗೆ ರೋಮಾಂಚನ ತಂದಿದ್ದ ಸದ್ದೇ ಅದು. ಆಗ ಅದು ಎಣಿಕೆ ತಪ್ಪಿಸುವ ಉಪದ್ರವವಾಗಿತ್ತು.

ಬೆಳಿಗ್ಗೆ ಬಾಡಿಗೆ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆವು. ಆ ಹುಡುಗ ಸೌಜನ್ಯದಿಂದಲೇ ಮಾತಾಡಿದ. ಮುಖ್ಯ ಸ್ವಿಚ್ಚು ಹಾಕಿದೆಯೇ, ಫ್ಯೂಸುಗಳು ಸುಟ್ಟಿವೆಯೇ ಎಂದು ಪಟ್ಟಿಯನ್ನು ಓದಿ, ಬ್ಯಾಟರಿ ಮುದಿಯಾಗಿದೆ ಎಂದು ತೀರ್ಪು ಕೊಟ್ಟ. ಕ್ವೀನ್ಸ್‌ಟೌನಿಗೆ ಬಂದರೆ ಬದಲಾಯಿಸುವರಂತೆ. ಅಲ್ಲಿಯವರೆಗೆ ಕಂಬವಿರುವ ಕಡೆಯೇ ಉಳಿಯಬೇಕಂತೆ. ಕ್ವೀನ್ಸ್‌ಟೌನು ಇನ್ನೂರೈವತ್ತು ಕಿಲೋಮೀಟರಿಗೂ ಆಚೆ. ದೂರಕ್ಕಿಂತ ಹೆಚ್ಚಾಗಿ ಆ ತೀರ್ಪೇ ನಮಗೆ ಹಿಡಿಸಲಿಲ್ಲ. ಸತ್ತ ಬ್ಯಾಟರಿ ಫ್ರಿಜ್ಜು, ಹೀಟರು, ಉಸಿರಿನ ಯಂತ್ರ ಮೂರನ್ನೂ ಹೊತ್ತು ರಾತ್ರಿ ಮೂರರವರೆಗೆ ಬಾಳುವುದಿಲ್ಲ. ತಾಸೆರಡು ತಾಸಿನಲ್ಲಿ ಕುಸಿಯುತ್ತದೆ. ಇದು ತನ್ನ ಪಾಲಿನದನ್ನು ನಿಯತ್ತಾಗಿ ಕೊಟ್ಟಿತ್ತು. ಇದಕ್ಕೆ ಊಟ ಹಾಕಿದವರು ಇರಲಿಲ್ಲ. ಫೋನಿನ ಆ ತುದಿಯಲ್ಲಿ ಕುಳಿತವನಿಗೆ ಹಸಿವೂ ಮುಪ್ಪೂ ಒಂದೇ ಥರ ಕಾಣುತ್ತವೆ. ಅವನನ್ನು ದೂರಿ ಫಲವಿಲ್ಲ.

ಕಾರ್ಗಲ್ಲಿನ ಅಪ್ಪ ಪವರ್‌ಹೌಸಿನಲ್ಲಿ ಕೆಲಸಕ್ಕಿದ್ದವರು. ಮನೆಯಲ್ಲಿ ದೀಪ ಹೋದಾಗ ಅವರದು ಒಂದೇ ಮಾತು: "ಕರೆಂಟು ಎಲ್ಲಿ ಇಲ್ಲ ಅಂತ ಹುಡುಕಬೇಡ ಮಗಾ, ಎಲ್ಲಿವರೆಗೆ ಬಂದಿದೆ ಅಂತ ನೋಡ್ತಾ ಹೋಗು." ಹಾಗೆಯೇ ಹೋದೆವು. ಎಂಜಿನ್ ಚಾಲೂ ಮಾಡಿ ಒಬ್ಬರು ಮೀಟರು ಹಿಡಿಯುವುದು, ಒಬ್ಬರು ಬರೆದುಕೊಳ್ಳುವುದು. ಎಂಜಿನ್ನಿನ ಬ್ಯಾಟರಿ: 14.2. ಆಲ್ಟರ್ನೇಟರು ಆರೋಗ್ಯವಾಗಿದೆ. ಮನೆಯ ಬ್ಯಾಟರಿ: 11.9. ಅಂದರೆ ಅಲ್ಲಿಗೆ ಏನೂ ತಲುಪುತ್ತಿಲ್ಲ. ಇವೆರಡರ ನಡುವಿನ ರಿಲೇಯ ಪುಟ್ಟ ದೀಪ ಉರಿಯುತ್ತಿತ್ತು. ಒಳಬರುವ ತುದಿಯಲ್ಲಿ 14.2, ಹೊರಹೋಗುವ ತುದಿಯಲ್ಲೂ 14.2. ಬಾಗಿಲು ತೆರೆದಿದೆ, ಅಂಗಳದವರೆಗೂ ಬಂದಿದೆ. ಉಳಿದದ್ದು ಮೀಟರು ಉದ್ದದ ಕೇಬಲ್ಲು, ಸೀಟಿನ ಕೆಳಗೆ ಬ್ಯಾಟರಿಯ ಪಕ್ಕ ಒಂದು ದೊಡ್ಡ ಫ್ಯೂಸು.

ಸಹಾಯವಾಣಿಯ ಪಟ್ಟಿ ಓದುವಾಗ ಆ ಫ್ಯೂಸನ್ನೂ ನೋಡಿದ್ದೆವು. ಎಂಜಿನ್ ಆರಿಸಿ ಮೀಟರಿನ ಬೀಪ್ ಪರೀಕ್ಷೆ ಮಾಡಿದಾಗ ಅದು ಚೆನ್ನಾಗಿಯೇ ಕೂಗಿತ್ತು. ಆದರೆ ಆ ಪರೀಕ್ಷೆಯಲ್ಲಿ ಮೀಟರು ಹರಿಸುವ ವಿದ್ಯುತ್ತು ಇರುವೆಯಷ್ಟು. ಇರುವೆ ನುಸುಳಲು ಎಳೆಯಷ್ಟು ದಾರಿ ಸಾಕು. ಆನೆ ಹಾದುಹೋಗುವುದೇ ಎಂದು ತಿಳಿಯಬೇಕಾದರೆ ಆನೆ ನಡೆಯುತ್ತಿರುವಾಗಲೇ ಅಳೆಯಬೇಕು. ಎಂಜಿನ್ ಓಡುತ್ತಿದ್ದಂತೆ ಫ್ಯೂಸಿನ ಎರಡೂ ಬದಿಗೆ ಮೀಟರಿನ ಕಡ್ಡಿ ಮುಟ್ಟಿಸಿದೆವು. ಒಂದು ಬದಿ 14.2, ಇನ್ನೊಂದು ಬದಿ 11.9. ಎರಡು ಬೆರಳಗಲದ ಜಾಗದಲ್ಲಿ 2.3 ವೋಲ್ಟ್ ಕಳೆದುಹೋಗುತ್ತಿತ್ತು. ಟಾರ್ಚು ಬಿಟ್ಟು ನೋಡಿದರೆ ಫ್ಯೂಸು ಕೂತ ಹೋಲ್ಡರಿನ ಒಂದು ಬೋಲ್ಟಿನ ಸುತ್ತ ಹಸಿರು ಕಿಲುಬು. ಪ್ಲಾಸ್ಟಿಕ್ಕು ಕಂದಿ ಕರಕಲಾಗಿತ್ತು.

ಬಾಡಿಗೆಯ ಗಾಡಿಯ ತಂತಿಗಳಿಗೆ ಕೈ ಹಾಕಬಾರದೆಂಬುದು ಕರಾರು, ಅದು ಸರಿಯೂ ಹೌದು. ಬ್ಯಾಟರಿಯ ಬಳಿ ಪಾನಾ ಜಾರಿ ಎರಡೂ ತುದಿಗೆ ತಾಗಿದರೆ ಕ್ಷಣದಲ್ಲಿ ಬೆಂಕಿ. ಅಂಕಿಗಳನ್ನು ಚೀಟಿಯಲ್ಲಿ ಬರೆದು ಅದರ ಚಿತ್ರವನ್ನು ಕಂಪನಿಗೆ ಕಳಿಸಿ ಮತ್ತೆ ಫೋನು ಮಾಡಿದೆವು. ಈ ಸಲ ಮಾತಿಗೆ ಸಿಕ್ಕಿದವಳು ಮರುಮಾತಿಲ್ಲದೆ ಟ್ವೈಝಲ್ಲಿನ ಒಂದು ಗ್ಯಾರೇಜಿಗೆ ಹೇಳಿಟ್ಟಳು. ಪರದೇಶದಲ್ಲಿ ನಮ್ಮ ಉಚ್ಚಾರವನ್ನು ಯಾರು ಬೇಕಾದರೂ ತಪ್ಪಾಗಿ ಕೇಳಿಸಿಕೊಳ್ಳಬಹುದು, 14.2 ಮತ್ತು 11.9 ಎಂಬುದನ್ನು ತಪ್ಪು ತಿಳಿಯುವುದು ಕಷ್ಟ.

ಗ್ಯಾರೇಜಿನ ಹಿರಿಯ ನಮ್ಮ ಚೀಟಿಯನ್ನು ಓದಿ, ತನ್ನ ಮೀಟರನ್ನು ಅದೇ ಎರಡು ಬಿಂದುಗಳಿಗೆ ಮುಟ್ಟಿಸಿ, "ಹೂಂ" ಎಂದ. ನೆಗೆಟಿವ್ ತಂತಿಯನ್ನು ಮೊದಲು ಕಳಚಿ, ಹೋಲ್ಡರನ್ನೂ ಫ್ಯೂಸನ್ನೂ ಬದಲಿಸಿ, ತಂತಿಯ ತುದಿ ಕತ್ತರಿಸಿ ಹೊಸ ಲಗ್ಗು ಒತ್ತಿ ಕೂರಿಸಿದ. ಬೋಲ್ಟು ಕೊಂಚ ಸಡಿಲವಿದ್ದರೆ ಅಲ್ಲಿ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಸಡಿಲವಾಗುತ್ತದೆ, ಗಾಡಿಯ ಕುಲುಕಾಟ ಅದಕ್ಕೆ ನೆರವಾಗುತ್ತದೆ ಎಂದು ವಿವರಿಸಿದ. ಅರ್ಧ ಗಂಟೆಯ ಕೆಲಸ. ಎಂಜಿನ್ ಚಾಲೂ ಆದೊಡನೆ ಮನೆಯ ಬ್ಯಾಟರಿಯ ಅಂಕಿ 13.1, 13.4 ಎಂದು ಏರತೊಡಗಿತು. ತೊಟ್ಟಿಲ ಕೂಸಿನ ಜ್ವರ ಇಳಿಯುವುದನ್ನು ನೋಡುವ ಹಾಗೆ ನಾವಿಬ್ಬರೂ ಆ ಪುಟ್ಟ ಪರದೆಯನ್ನೇ ನೋಡುತ್ತ ನಿಂತೆವು.

ಲಿಂಡಿಸ್ ಘಟ್ಟ ದಾಟಿ ವಾನಾಕಾ ಸೇರಿದ ಆ ರಾತ್ರಿ, ಬಸವಳಿದ ಬ್ಯಾಟರಿ ಪೂರ್ತಿ ಚೇತರಿಸಿಕೊಳ್ಳಲೆಂದು ಕಂಬದ ಆಸರೆಯನ್ನೇ ಹಿಡಿದೆವು. ಪಕ್ಕದ ಗಾಡಿಯವರು ಎರಡು ಸಲ ಕತ್ತಲಲ್ಲಿ ಮುಳುಗಿದರು. ಎರಡು ಸಾವಿರ ವ್ಯಾಟಿನ ಹೀಟರು ಓಡುತ್ತಿರುವಾಗಲೇ ನೀರು ಕಾಯಿಸುವ ಕೆಟಲ್ಲನ್ನೂ ಹಾಕುತ್ತಿದ್ದರು. ಎರಡೂ ಸೇರಿದರೆ ಹದಿನೆಂಟು ಆಂಪಿಯರ್, ಕಂಬದ ಮಿತಿ ಹದಿನಾರು. ಒಂದನ್ನು ಆರಿಸಿ ಇನ್ನೊಂದನ್ನು ಹಾಕಿ ಎಂದು ಹೇಳಿಬಂದೆವು. ಮರುದಿನ ಅವರು ನಮ್ಮನ್ನು ಎಲೆಕ್ಟ್ರಿಷಿಯನ್ ದಂಪತಿಯೆಂದೇ ಭಾವಿಸಿ ಟೋಸ್ಟರಿನ ದೂರನ್ನೂ ತಂದರು.

ಅದರ ಮಾರನೆಯ ರಾತ್ರಿ ಹಾವೆಯಾ ಸರೋವರದ ದಂಡೆಯಲ್ಲಿ, ಕಂಬವಿಲ್ಲದ ಬಯಲಲ್ಲಿ ತಂಗಿದೆವು. ಮಲಗುವಾಗ 12.7. ಬೆಳಿಗ್ಗೆ 12.3. ಯಂತ್ರದ ಪರದೆ ಬಳಕೆಯ ಅವಧಿ 7.6 ಗಂಟೆ ಎಂದು ತೋರಿಸಿತು. ಹೊರಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿತ್ತು. ಗ್ಯಾಸು ಹಚ್ಚಿ ಚಹಾಕ್ಕೆ ನೀರಿಟ್ಟೆವು.