ಚೀಲದಲ್ಲಿ ಹಿಡಿಸದ ಔಷಧಿ

ಸಂಶೋಧನೆಗಾಗಿ ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮಕ್ಕೆ ಹೊರಡುವಾಗ ನನ್ನ ಚೀಲ ಚಿಕ್ಕದು: ನೀರು, ಓಆರ್‌ಎಸ್, ಟಾರ್ಚು, ಸೀಟಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಕಡೆ ಕೆರೆಯೋ ಹೊಳೆಯೋ ಸಿಕ್ಕೀತು. ಈ ಕುರುಚಲು ಕಾಡಿನಲ್ಲಿ ನೀರೇ ಮೊದಲ ಔಷಧಿ.

ಹಾವು ಕಚ್ಚಿದರೆ ಇರಲಿ ಎಂದು ಅವ್ವ ಬ್ಲೇಡು, ಹಗ್ಗ ಇಟ್ಟಿದ್ದಳು. ಎರಡನ್ನೂ ತೆಗೆದೆ. ಕೊಯ್ದರೆ ರಕ್ತ ಹೋಗುತ್ತದೆ, ವಿಷ ಹೋಗುವುದಿಲ್ಲ. ಬಿಗಿದು ಕಟ್ಟಿದರೆ ಕಾಲೇ ಹೋಗಬಹುದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಕೊಡುವ ಪ್ರತಿವಿಷ ಒಂದೇ. ಅದಿರುವುದು ಆಸ್ಪತ್ರೆಯಲ್ಲಿ. ಕಚ್ಚಿದ ಕಾಲನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಬೇಕು.

“ಮತ್ತೆ ಈ ಚೀಲ ಯಾಕೆ?” ಎಂದಳು.

“ಆಸ್ಪತ್ರೆ ಮುಟ್ಟೋವರೆಗೆ, ಅವ್ವ.”

ಸಿಗ್ನಲ್ ಸಿಗದಿದ್ದರೆ ಫೋನೂ ಬರೀ ಭಾರ. ಅದಕ್ಕೇ ಹೋಗುವ ದಾರಿ, ಮರಳುವ ಹೊತ್ತು ಬರೆದ ಚೀಟಿಯೊಂದು ಚೀಲದಲ್ಲಿಲ್ಲ, ಅವಳ ಕೈಯಲ್ಲಿದೆ.